ತೋರುಬೆರಳಿಗೊಂದು ಕಂಡಿ

ಯುದ್ಧ ಕಂಡವರ ಮನೆಗೆ ಮೊದಲ ಸಲ ಹೋದಾಗ ಪೆನ್ನು ಚೀಲದಿಂದ ಹೊರಗೆ ಬರಬಾರದು. ಇದು ಮೇಜರ್ ಚಂದ್ರಶೇಖರ ಅವರ ನಿಯಮ. ಮೊದಲ ಸಲ ಕೇಳಬೇಕು, ಕೊಟ್ಟ ಕಾಫಿ ಕುಡಿಯಬೇಕು, ಎದ್ದು ಬರಬೇಕು. ಎರಡನೆಯ ಸಲ ಬರೆದುಕೊಳ್ಳಬೇಕು. ಮೂರನೆಯ ಸಲ ಬರೆದದ್ದನ್ನು ಅವರಿಗೇ ಓದಿ ಹೇಳಬೇಕು. ಅವರು ಹೌದೆಂದು ತಲೆಯಾಡಿಸಿದರೆ ಮಾತ್ರ ಅದು ನಮ್ಮ ಸಂಗ್ರಹಕ್ಕೆ ಸೇರುತ್ತಿತ್ತು. ಇನ್ನೊಂದು ನಿಯಮವೂ ಇತ್ತು. ವಸ್ತುವನ್ನು ಮುಂದಿಟ್ಟು ಪ್ರಶ್ನೆ ಕೇಳಬಾರದು. ಮೊದಲು ಪ್ರಶ್ನೆ, ಆಮೇಲೆ ವಸ್ತು. "ತೋರಿಸಿ ಕೇಳಿದ್ರೆ ನಮಗೆ ಏನು ಬೇಕೋ ಅದನ್ನೇ ಹೇಳಿಬಿಡ್ತಾರೆ ಮೇಡಂ. ಸುಳ್ಳಿಗಲ್ಲ, ಪ್ರೀತಿಗೆ" ಎನ್ನುತ್ತಿದ್ದರು.

ನಾವು ಸಂಗ್ರಹಿಸುತ್ತಿದ್ದದ್ದು ತೆಂಬಾ ಲಾ ಕಾಳಗದ ನೆನಪುಗಳನ್ನು. ಲಾ ಎಂದರೆ ಆ ಗಡಿಯ ಕಡೆಯ ಮಾತಿನಲ್ಲಿ ಬೆಟ್ಟಗಳ ನಡುವಿನ ದಾರಿ. ಅರವತ್ತೆರಡರ ನವೆಂಬರಿನಲ್ಲಿ ಆ ದಾರಿಯನ್ನು ಒಂದು ಸಣ್ಣ ತುಕಡಿ ಹಿಡಿದು ನಿಂತಿತ್ತು. ಆ ದಿನಗಳಲ್ಲಿ ಪತ್ರಿಕೆ ಓದುವ ಮನೆಗಳಲ್ಲಿ ಆ ಹೆಸರು ಗೊತ್ತಿಲ್ಲದ ಮಕ್ಕಳಿರಲಿಲ್ಲ. ತುಕಡಿಯಲ್ಲಿ ಹೆಚ್ಚಿನವರು ಆಗಿನ ಮೈಸೂರು ರಾಜ್ಯದವರು, ಮದರಾಸು ರಾಜ್ಯದವರು. ಬದುಕಿ ಬಂದವರು ಮುಂದೆ ಮಕ್ಕಳ ಕೆಲಸದ ಹಿಂದೆ, ಮೊಮ್ಮಕ್ಕಳ ಶಾಲೆಯ ಹಿಂದೆ ಎಲ್ಲೆಲ್ಲೋ ಚದುರಿದ್ದರು. ಚೆನ್ನೈಯಲ್ಲೇ ಹಲವರಿದ್ದರು.

ಕಾರ್ಗಿಲ್ ಯುದ್ಧ ನಡೆದ ಬೇಸಿಗೆಯಲ್ಲಿ ಮೇಜರ್ ಚೆನ್ನೈಯ ನಮ್ಮ ಕನ್ನಡ ಬಳಗಕ್ಕೆ ಬಂದು, ಕನ್ನಡದಲ್ಲಿ ಕೂತು ಕೇಳುವವರು, ಬರೆಯುವವರು ಯಾರಾದರೂ ಬೇಕು ಎಂದರು. ನಾನು ಮಹಿಳಾ ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾಗಿ ಮನೆಯಲ್ಲಿದ್ದೆ. ಇಷ್ಟು ವರ್ಷ ಪುಸ್ತಕದ ಯುದ್ಧಗಳನ್ನೇ ಹೇಳಿದ್ದಾಯಿತು, ಇನ್ನು ಮನುಷ್ಯರ ಬಾಯಿಂದ ಕೇಳೋಣ ಎಂದು ಕೈಯೆತ್ತಿದೆ. ಹಾಗೆ ಶುರುವಾದ ಓಡಾಟ ಮೂರು ವರ್ಷ ನಡೆಯಿತು. ಗುಂಡು ತಾಗಿ ತಗ್ಗಾದ ಊಟದ ಡಬ್ಬಿ, ಅರ್ಧ ಹಲ್ಲು ಮುರಿದ ಬಾಚಣಿಗೆ, ಬೆಟ್ಟದ ಕಲ್ಲಿನ ಒಂದು ಚೂರು, ಇಂಥವೆಲ್ಲ ನಮ್ಮ ಕೈಗೆ ಬಂದವು. ವಸ್ತುಗಳಿಗಿಂತ ಅವನ್ನು ಕೊಟ್ಟವರು ನನಗೆ ಹೆಚ್ಚು ನೆನಪಿದ್ದಾರೆ. ಪೆರಂಬೂರಿನಲ್ಲಿ ಒಬ್ಬಾಕೆ ಗಂಡನ ಸೊಂಟದ ಪಟ್ಟಿಯನ್ನು ನಮಗೆ ಕೊಟ್ಟು, ಆಮೇಲೆ ಆಗಾಗ ಫೋನು ಮಾಡುತ್ತಿದ್ದಳು. ಪಟ್ಟಿ ಹೇಗಿದೆ ಎಂದು ಒಮ್ಮೆಯೂ ಕೇಳಲಿಲ್ಲ. ಮೇಜರ್‌ಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದಿದ್ದರಿಂದ, ಅದು ಹತೋಟಿಯಲ್ಲಿದೆಯೇ ಎಂದಷ್ಟೇ ಕೇಳುತ್ತಿದ್ದಳು.

ಆ ತುಕಡಿಯಲ್ಲಿದ್ದ ಅಪ್ಪಾಜಿಯವರು ನಮಗೆ ಸಿಕ್ಕಿದ್ದು ಕೊನೆಯ ವರ್ಷ. ಮಳವಳ್ಳಿ ಕಡೆಯವರು. ಮಗಳು ಶಿವಲಿಂಗಮ್ಮನಿಗೆ ಟೆಲಿಫೋನ್ ಇಲಾಖೆಯಲ್ಲಿ ಕೆಲಸ. ಅವಳಿಗೆ ವರ್ಗವಾದಾಗ ಜೊತೆಗೆ ವೇಲಚೇರಿಗೆ ಬಂದಿದ್ದರು. ಮೂರನೆಯ ಮಹಡಿ, ಲಿಫ್ಟಿನ ಗೂಡು ಇತ್ತು, ಲಿಫ್ಟು ಇರಲಿಲ್ಲ. ಎರಡನೆಯ ಮಹಡಿಯ ತಿರುವಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿತ್ತು. ನಾನು ಫೋನಿನಲ್ಲಿ ಮಂಡಿ ನೋವಿನ ಮಾತು ಆಡಿದ್ದೆನಂತೆ. ಅಪ್ಪಾಜಿ ಅದನ್ನು ನೆನಪಿಟ್ಟು ಹಾಕಿಸಿದ್ದು. ಆ ಕುರ್ಚಿಯಲ್ಲಿ ಕೂತು ಉಸಿರು ತೆಗೆದುಕೊಳ್ಳುವಾಗಲೇ, ಇವರು ಸುಳ್ಳು ಹೇಳುವ ಮನುಷ್ಯರಲ್ಲ ಎಂದು ನನ್ನ ಮಟ್ಟಿಗೆ ತೀರ್ಮಾನಿಸಿಬಿಟ್ಟಿದ್ದೆ. ಇತಿಹಾಸ ಓದಿದವಳು ಹಾಗೆ ತೀರ್ಮಾನಿಸಬಾರದು, ಗೊತ್ತು.

ಅವರು ಹೇಳಿದ್ದು ಇಷ್ಟು. ಕೊನೆಯ ಬೆಳಗ್ಗೆ ಮುಂಚೂಣಿಯ ಕಲ್ಲಿನ ಮರೆಯಲ್ಲಿ ಮೂವರು ಉಳಿದಿದ್ದರು: ಅಪ್ಪಾಜಿ, ಅಂದಾನಿ, ಐತ. ಐತನ ತೊಡೆಗೆ ಗುಂಡು ಬಿದ್ದಿತ್ತು. ಕೆಳಗಿಳಿಯುವ ದಾರಿಯಲ್ಲಿ ಇನ್ನೂ ಗಾಯಾಳುಗಳು ಹೋಗುತ್ತಿದ್ದರು. ಯಾರಾದರೂ ಒಬ್ಬರು ಬಂದೂಕು ಹಿಡಿದು ಅಲ್ಲೇ ಕೂರದಿದ್ದರೆ ಅವರಾರೂ ತೊರೆಯವರೆಗೂ ಮುಟ್ಟುವಂತಿರಲಿಲ್ಲ. ಅಂದಾನಿ, ಐತನನ್ನು ಎತ್ತಿಕೊಂಡು ಇಳಿಯೆಂದು ಅಪ್ಪಾಜಿಗೆ ಹೇಳಿ ತಾನು ಕೂತ. ಬೆನ್ನ ಮೇಲೆ ಐತನನ್ನು ಹೊತ್ತು ಇಳಿಯುವಾಗ ಮೇಲಿಂದ ಗುಂಡಿನ ಸದ್ದು ಕೇಳುತ್ತಲೇ ಇತ್ತು. ತೊರೆಯ ತಿರುವು ದಾಟಿದ ಮೇಲೆ ನಿಂತಿತು. ಐತ ಆಸ್ಪತ್ರೆಯಲ್ಲಿ ತೀರಿಕೊಂಡ. ಅಂದಾನಿಯ ಹೆಸರಿನ ಮುಂದೆ ಕಾಣೆಯಾಗಿದ್ದಾನೆ ಎಂದು ಬರೆದರು. ಕಾಣೆಯಾದವನು ಎಲ್ಲಿಗೆ ಹೋದ ಎಂದು ಊರಲ್ಲಿ ನಾಲಗೆಗಳು ಆಡಿದವು. ಓಡಿಹೋದ ಎಂದರು. ಆ ಕಡೆಯವರ ಜೊತೆ ಸೇರಿಕೊಂಡ ಎಂದೂ ಅಂದರು. ಅಪ್ಪಾಜಿ ಎರಡು ಸಲ ಆ ಊರಿಗೆ ಹೋಗಿ ನಡೆದದ್ದನ್ನು ಹೇಳಿದ್ದರು. ಸ್ನೇಹಿತ ಅಂತ ಹೇಳ್ತಾನೆ ಬಿಡು ಎಂದು ಜನ ತಳ್ಳಿಹಾಕಿದ್ದರು. ಅಂದಾನಿಯ ತಾಯಿ ಆ ಮಾತುಗಳನ್ನು ಕೇಳುತ್ತಲೇ ಹೋದಳು. ತಮ್ಮ ಇನ್ನೂ ಇದ್ದಾನೆ, ಇನ್ನೂ ಕೇಳುತ್ತಿದ್ದಾನೆ.

ಹೊರಡುವಾಗ ಅಪ್ಪಾಜಿ ಮೆಟ್ಟಿಲವರೆಗೂ ಬಂದು ಹೇಳಿದರು: "ಅಮ್ಮಾರೆ, ನನ್ ಹೆಸರು ಇರ್ಲಿ ಬುಡ್ಲಿ. ಅಂದಾನಿ ಅಲ್ಲೇ ಕುಂತಿದ್ದ ಅಂತ ಅಚ್ಚಾಗ್ಲಿ. ಅಚ್ಚಾಗಿದ್ದನ್ನ ಜನ ನಂಬ್ತರೆ ಕನಮ್ಮ."

ಮುಂಚೂಣಿಯಲ್ಲಿದ್ದವರ ಪೈಕಿ ಈಗ ಬದುಕಿದ್ದವರು ಅವರೊಬ್ಬರೇ. ಕಾಳಗಕ್ಕೆ ನಲವತ್ತು ವರ್ಷ ತುಂಬುವ ನವೆಂಬರಿನಲ್ಲಿ ನಮ್ಮ ಬಳಗದ ಸಭಾಂಗಣದಲ್ಲಿ ಪ್ರದರ್ಶನ ಇಡುವುದು, ಎಲ್ಲರ ಹೇಳಿಕೆಗಳನ್ನು ಒಂದು ಪುಸ್ತಕ ಮಾಡುವುದು ಎಂದು ಗೊತ್ತಾಗಿತ್ತು.

ಎರಡನೆಯ ಭೇಟಿಯ ಹೊತ್ತಿಗೆ ನನಗೆ ಜ್ವರ. ಮೇಜರ್ ಒಬ್ಬರೇ ಹೋಗಿ ಬರೆದುಕೊಂಡು ಬಂದರು. ಅಪ್ಪಾಜಿ ಆವತ್ತು ಒಂದು ವಸ್ತು ಕೊಟ್ಟರೆಂದೂ, ಕೈಗವಸು ಎಂದೂ ಫೋನಿನಲ್ಲಿ ಹೇಳಿದರು. ಅದು ಹೇಗಿದೆಯೆಂದು ನಾನೂ ಕೇಳಲಿಲ್ಲ.

ಆಮೇಲೆ ದೆಹಲಿಯಿಂದ ಒಬ್ಬರು ಬಂದರು. ಆ ಯುದ್ಧದ ಉಡುಪು, ಆಯುಧ, ಬಿಲ್ಲೆಗಳನ್ನು ಜೀವಮಾನವಿಡೀ ಕೂಡಿಟ್ಟವರು. ಪ್ರದರ್ಶನಕ್ಕಿಡುವ ಮೊದಲು ಎಲ್ಲವನ್ನೂ ಒಮ್ಮೆ ನೋಡಿಕೊಡಿ ಎಂದು ಮೇಜರೇ ಕರೆಸಿದ್ದರು. ಒಳ್ಳೆಯ ಮನುಷ್ಯ, ಬೆಳಗಿಂದ ಸಂಜೆವರೆಗೆ ಕೂತು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ಅಪ್ಪಾಜಿಯವರ ಕೈಗವಸನ್ನು ಮಾತ್ರ ಬದಿಗಿಟ್ಟರು. ನಮ್ಮ ಸೈನ್ಯದಲ್ಲಿ ಇಂಥದ್ದು ಯಾವತ್ತೂ ಇರಲಿಲ್ಲ, ಇದು ಆ ಕಡೆಯದು ಎಂದರು. ಆ ಕಡೆಯದು ಅಪ್ಪಾಜಿಯ ಕೈಗೆ ಬರಬೇಕಾದರೆ ಅವರು ಕೊನೆಯ ಬೆಳಗಿಗೆ ಮೊದಲೇ ಸೆರೆ ಸಿಕ್ಕಿರಬೇಕು, ಕ್ಯಾಂಪಿನಲ್ಲಿ ಇದನ್ನು ಕೊಟ್ಟಿರಬೇಕು. ಹಾಗಾದರೆ ಅಂದಾನಿಯ ಕಥೆ ಕಟ್ಟಿದ್ದು. ಸೆರೆಯಾದವರ ಪಟ್ಟಿ ನಮ್ಮ ಕೈಗೆ ಸಿಕ್ಕಿರಲಿಲ್ಲ, ಐತನನ್ನು ಆಸ್ಪತ್ರೆಗೆ ಹೊತ್ತು ತಂದವರು ಯಾರೆಂದೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಮೇಜರ್ ಬಹಳ ಯೋಚನೆ ಮಾಡಿ, ಆ ಹೇಳಿಕೆಯನ್ನು ಪುಸ್ತಕದಿಂದ ಸದ್ಯಕ್ಕೆ ತೆಗೆದಿಡುವುದೆಂದು ಅಪ್ಪಾಜಿಗೆ ತಿಳಿಸಿದರು. ಬೇರೆಯವರ ಬಾಯಿಂದ ತಿಳಿಯುವುದು ಬೇಡ ಎಂದು ತಾವೇ ಫೋನು ಮಾಡಿದ್ದು. ಆ ಮರ್ಯಾದೆಯನ್ನೂ ನಾನು ಇಲ್ಲಿ ಹೇಳಬೇಕು.

ಮರುದಿನ ಬೆಳಗ್ಗೆ ನಾನು ಪೆರುಂಗುಡಿಯಲ್ಲಿದ್ದ ಮೇಜರ್ ಮನೆಗೆ ಹೋಗುವಷ್ಟರಲ್ಲಿ ಅಪ್ಪಾಜಿ ಮತ್ತು ಶಿವಲಿಂಗಮ್ಮ ಬಂದು ಕೂತಿದ್ದರು. ಅವರು ತಮ್ಮ ವಸ್ತುವನ್ನು ವಾಪಸು ಕೇಳಲು ಬಂದಿದ್ದರು. ಅಪ್ಪಾಜಿ ಬಿಳಿ ಶರಟಿನ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಂಡು, ಕೈಗಳನ್ನು ಮಂಡಿಯ ಮೇಲಿಟ್ಟು ನೆಟ್ಟಗೆ ಕೂತಿದ್ದರು. ಶಿವಲಿಂಗಮ್ಮ ಮಾತ್ರ ಕುದಿಯುತ್ತಿದ್ದಳು.

"ನಮ್ಮಪ್ಪ ಪೆನ್ಶನ್ ಜಾಸ್ತಿ ಕೊಡಿ ಅಂತ ಬಂದಿದ್ರಾ ಸಾರ್? ನೀವಾಗೇ ಮನೆ ಹುಡುಕ್ಕೊಂಡು ಬಂದ್ರಿ. ಮೂರು ಮಹಡಿ ಹತ್ತಿ ಬಂದ್ರಿ. ಈಗ ಸುಳ್ಳುಗಾರ ಅಂತೀರಿ."

"ಸುಳ್ಳುಗಾರ ಅಂತ ನಾನು ಅಂದಿಲ್ಲಮ್ಮ" ಎಂದರು ಮೇಜರ್.

"ಅನ್ನದೇ ಇರೋದು ಏನುಳೀತು?"

ಮೇಜರ್ ಅಪ್ಪಾಜಿಯ ಕಡೆ ತಿರುಗಿ, ದೆಹಲಿಯವರು ಕೇಳಿದ್ದನ್ನೇ ಮತ್ತೊಮ್ಮೆ ಕೇಳಿದರು: ಕೈಗವಸು ಎಂದರೆ ಜೊತೆ ಇರಬೇಕಲ್ಲ, ಇನ್ನೊಂದು ಎಲ್ಲಿ?

"ಇನ್ನೊಂದು ಇರ್ನೇ ಇಲ್ಲ ಸಾರ್. ಮೂಟೇಲಿ ಬಂದ್ವು, ಹವಾಲ್ದಾರ್ರು ಮುಂದ್ಗಡೆ ಇದ್ದ ನಮ್ಗೆ ಮಾತ್ರ ಹಂಚುದ್ರು. ತಲೆಗೊಂದು. ಜೊತೆ ಅನ್ನೋದೇ ಯಾರ್ಗೂ ಸಿಗ್ನಿಲ್ಲ. ಎಡಗೈಗೆ ನಾನು ಕಾಲಿನ ಪಟ್ಟಿ ಬಿಚ್ಚಿ ಸುತ್ಕೊಂಡಿದ್ದೆ."

"ಒಂದೇ ಕೈಗೆ ಯಾರಾದ್ರೂ ಹೆಣೆದು ಕಳಿಸ್ತಾರಾ ಅಪ್ಪಾಜಿ?" ಮೇಜರ್ ನಿಜವಾಗಿಯೂ ಬೇಡಿಕೊಳ್ಳುವ ದನಿಯಲ್ಲಿ ಕೇಳಿದರು. ಹೌದೆನ್ನಲು ಏನಾದರೂ ಒಂದು ಆಧಾರ ಸಿಗಲಿ ಎಂದು ಅವರಿಗೂ ಇತ್ತು.

"ನಾವೂ ಹಂಗೇ ನಗಾಡ್ದೋ. ಅಂದಾನಿ ಅಂದಿದ್ದ, ಇದ್ನ ಕಳಿಸ್ದೋರ ಊರಲ್ಲಿ ಎಲ್ಲಾರ್ಗೂ ಒಂದೇ ಕೈಯೇನೋ ಅಂತ." ಅಪ್ಪಾಜಿಯ ಮುಖದಲ್ಲಿ ಸಣ್ಣ ನಗು ಬಂದು ಹೋಯಿತು. "ಆದ್ರೆ ನಗಾಡ್ದೋರೆಲ್ಲ ಹಾಕ್ಕೊಂಡೋ. ದಪ್ಪ ಕೈಗವಸು ಹಾಕುದ್ರೆ ಬೆರಳು ಟ್ರಿಗ್ಗರ್‌ಗೆ ಹೋಗಲ್ಲ. ಬರಿಗೈಲಿ ಮುಟ್ಟುದ್ರೆ ಕಬ್ಬಿಣಕ್ಕೆ ಚರ್ಮ ಅಂಟ್ಕತದೆ. ಇದ್ರಲ್ಲಿ ಕೈಯೆಲ್ಲ ಬೆಚ್ಚಗೆ ಒಳಗೆ, ಒಂದ್ ಬೆರಳು ಮಾತ್ರ ಆಚೆ. ಹೊಡೀದೆ ಇರೋವಾಗ ಬೆರಳನ್ನೂ ಒಳಕ್ಕೆ ಎಳ್ಕೊಳೋದು. ನೇತಾಕ್ಕೊಳ್ಳೋಕೆ ದಾರ ಬೇರೆ. ಕತ್ನಾಗೇ ಇತ್ತು, ಅದ್ಕೇ ಇದೊಂದು ಕಳ್ಕೊಳ್ನಿಲ್ಲ."

ಆಗ ನಾನು ಮೇಜಿನ ಮೇಲಿದ್ದುದನ್ನು ನೋಡಿದೆ.

ಖಾಕಿ ಉಣ್ಣೆಯ ಒಂದು ಸಣ್ಣ ಚೀಲ. ಬೆರಳುಗಳಿಗೆ ಬೇರೆ ಬೇರೆ ಮನೆಯಿಲ್ಲ, ಹೆಬ್ಬೆರಳಿಗೂ ಇಲ್ಲ. ಪಕ್ಕದಲ್ಲಿ ಒಂದೇ ಒಂದು ಕಂಡಿ. ದೂರದಿಂದ ಹರಿದಂತೆ ಕಾಣುತ್ತಿತ್ತು, ಆದರೆ ಹರಿದದ್ದಲ್ಲ, ಕತ್ತರಿಸಿದ್ದೂ ಅಲ್ಲ. ಹೆಣೆಯುವಾಗಲೇ ಬಿಟ್ಟು, ಸುತ್ತಲೂ ಅಂಚು ಕಟ್ಟಿದ ಕಂಡಿ. ಚೀಲದ ಬಾಯಿಗೆ ಎರಡು ಸುತ್ತು ಬೇರೆ ಬಣ್ಣದ ಉಣ್ಣೆ, ಮಾಸಿದ ಕುಂಕುಮದ ಬಣ್ಣ. ಕುತ್ತಿಗೆಗೆ ನೇತುಹಾಕಿಕೊಳ್ಳಲು ಹೊಸೆದ ದಾರ.

ಮೂವತ್ತೆಂಟು ವರ್ಷದಿಂದ ನಾನು ಇಂಥದೇ ಒಂದನ್ನು ನಮ್ಮ ದೇವರ ಮನೆಯ ಮೊಳೆಯಿಂದ ತೆಗೆದು ಕೊಡುತ್ತಿದ್ದೇನೆ, ಮತ್ತೆ ಅದೇ ಮೊಳೆಗೆ ಹಾಕುತ್ತಿದ್ದೇನೆ. ನಮ್ಮ ಅತ್ತೆಯ ಜಪದ ಚೀಲ.

ಜಪದ ಸರವನ್ನು ಬರಿಗೈಯಲ್ಲಿ ಎಲ್ಲರಿಗೂ ಕಾಣುವಂತೆ ಎಣಿಸಬಾರದು ಎಂದು ನಮ್ಮ ಮನೆಯ ಪದ್ಧತಿ. ಕೈಯನ್ನು ಚೀಲದೊಳಗಿಟ್ಟು ಎಣಿಸಬೇಕು. ತುಳಸಿ ಮಣಿಗೆ ತೋರುಬೆರಳು ತಾಕಬಾರದು, ಆದ್ದರಿಂದ ಆ ಬೆರಳೊಂದಕ್ಕೆ ಹೊರಗೆ ಬರಲು ಕಂಡಿ. ಬಟ್ಟೆಯ ಚೀಲ ಮುಟ್ಟಿದ್ದಕ್ಕೆ ತಟ್ಟಿದ್ದಕ್ಕೆ ಮೈಲಿಗೆ, ದಿನವೂ ಒಗೆದು ಹಾಕಬೇಕು. ಉಣ್ಣೆಗೆ ಮೈಲಿಗೆಯಿಲ್ಲ. ಹಾಗಾಗಿ ಬೇಸಿಗೆಯಲ್ಲಿ ಗೋಡೆಯೂ ಬೆವರುವ ಈ ಊರಿನಲ್ಲಿ, ಸ್ವೆಟರ್ ಎಂಬುದನ್ನು ಮೈಗೆ ಹಾಕದ ನಮ್ಮ ಅತ್ತೆಗೆ ಉಣ್ಣೆ ಹೆಣೆಯಲು ಬರುತ್ತದೆ. ಬರುವುದು ಆ ಒಂದೇ ಆಕಾರ.

ಆದರೆ ಅತ್ತೆ ಸೈನಿಕರಿಗೆ ಏನನ್ನಾದರೂ ಹೆಣೆದಿದ್ದರೆಂದು ನಾನು ಕೇಳಿಯೇ ಇರಲಿಲ್ಲ. ನಾನು ಮೈಸೂರಿನಿಂದ ಮದುವೆಯಾಗಿ ಟಿ. ನಗರದ ಆ ಮನೆಗೆ ಬಂದದ್ದು ಯುದ್ಧ ಮುಗಿದು ಎರಡು ವರ್ಷದ ಮೇಲೆ. ಆಕಾರ ಒಂದೇ ಇದೆ ಎಂಬುದಷ್ಟೇ ನನ್ನ ಕೈಲಿದ್ದ ಮಾತು. ಅಲ್ಲೇ ಬಾಯಿಬಿಟ್ಟರೆ ಅತ್ತೆಯೂ ಪ್ರೀತಿಗೆ ಹೌದೆಂದುಬಿಟ್ಟಾರು.

"ಮೇಜರ್, ನಾಳೆ ಬೆಳಗ್ಗೆ ನಮ್ಮ ಮನೆಗೆ ತಿಂಡಿಗೆ ಬನ್ನಿ. ಇದನ್ನು ಜೇಬಲ್ಲಿಟ್ಟುಕೊಂಡು ಬನ್ನಿ, ಹೊರಗೆ ತೆಗೀಬೇಡಿ. ನಮ್ಮ ಅತ್ತೆಯನ್ನು, ಅರವತ್ತೆರಡರಲ್ಲಿ ನಿಮ್ಮ ಮನೆಯಿಂದ ಸೈನಿಕರಿಗೆ ಏನು ಕಳಿಸಿದ್ರಿ ಅಂತ ಮಾತ್ರ ಕೇಳಿ. ನಾನು ಅಡುಗೆಮನೆಯಲ್ಲಿರ್ತೀನಿ."

ಮೇಜರ್ ನನ್ನ ಮುಖವನ್ನೇ ನೋಡಿದರು. ಯಾಕೆಂದು ಕೇಳಲಿಲ್ಲ. ನಿಯಮ ಅವರದೇ.

ಶಿವಲಿಂಗಮ್ಮನಿಗೆ ಇದು ಇನ್ನೊಂದು ಸುತ್ತಿನ ಅವಮಾನದಂತೆ ಕಂಡಿತು. ನಡೀರಪ್ಪ, ತಗೊಂಡು ಹೋಗಣ ಎಂದು ಎದ್ದಳು. ಅಪ್ಪಾಜಿ ಏಳಲಿಲ್ಲ. ನನ್ನ ಕಡೆ ನೋಡಿ, "ನಲ್ವತ್ ವರ್ಸ ನನ್ ತಾವೇ ಇತ್ತು. ಒಂದ್ ದಿನ ಇವರ ಜೇಬಲ್ಲಿರ್ಲಿ ಬುಡವ್ವ" ಎಂದು ಮಗಳಿಗೆ ಹೇಳಿದರು. ಆಮೇಲೆ ಮೇಜರ್ ಕಡೆ ತಿರುಗಿ, ಸಕ್ಕರೆ ಕಾಯಿಲೆಯವರು ಹೊತ್ತಿಗೆ ಸರಿಯಾಗಿ ತಿನ್ನಬೇಕೆಂದೂ, ತಾವು ಬಂದು ಅವರ ತಿಂಡಿಯ ಹೊತ್ತು ಮೀರಿಸಿದೆವೆಂದೂ ಹೇಳಿ ಹೊರಟರು.

ಮರುದಿನ ಅತ್ತೆ ಎಂದಿನಂತೆ ಹಜಾರದ ಉಯ್ಯಾಲೆಯ ಮೇಲೆ ಕೂತಿದ್ದರು. ಅವರ ಹೆಸರು ವೃಂದಾಬಾಯಿ, ಆಗ ಎಂಬತ್ತೇಳು ವರ್ಷ. ಕಿವಿ ಚುರುಕು, ಕಣ್ಣು ಮಬ್ಬು. ಬಲಗೈ ಜಪದ ಚೀಲದಲ್ಲಿತ್ತು. ಬೂದು ಉಣ್ಣೆಯ ಕಂಡಿಯಿಂದ ತೋರುಬೆರಳು ಹೊರಗೆ ಬಂದು ಗಾಳಿಯಲ್ಲಿ ನಿಂತಿತ್ತು. ಮೇಜರ್ ಚಪ್ಪಲಿ ಬಿಟ್ಟು ಒಳಗೆ ಬಂದವರು ಅದನ್ನು ಕಂಡು ನಿಂತ ಕಡೆಯೇ ನಿಂತರು. ಅವರ ಕೈ ಜೇಬಿನ ಕಡೆ ಹೋಗಿ, ಅರ್ಧದಲ್ಲಿ ತಡೆದು, ಹಿಂದಕ್ಕೆ ಬಂತು. ನಾನು ಅಡುಗೆಮನೆಯ ಬಾಗಿಲಿನಿಂದ ಅಷ್ಟು ನೋಡಿ ಒಳಗೆ ಹೋದೆ.

"ನೀರಜಾ, ಬಂದವರನ್ನ ಚುಮ್ಮಾ ನಿಲ್ಲಿಸಿದ್ದೀಯಾ? ಕಾಫಿ ಕೊಡಮ್ಮ ಮೊದಲು" ಎಂದರು ಅತ್ತೆ. ಈ ಊರಿನಲ್ಲೇ ಹುಟ್ಟಿ ಬೆಳೆದವರು. ಅವರ ಕನ್ನಡದಲ್ಲಿ ತಮಿಳು ತನ್ನ ಮನೆಯಂತೆ ಓಡಾಡಿಕೊಂಡಿರುತ್ತದೆ.

ಮೇಜರ್ ಇಡ್ಲಿ ತಿಂದು, ಸಕ್ಕರೆಯಿಲ್ಲದ ಕಾಫಿ ಕುಡಿದು, ಮೆಲ್ಲಗೆ ಕೇಳಿದರು. ಅತ್ತೆ ಉತ್ಸಾಹದಿಂದಲೇ ಹೇಳಿದರು. ಯುದ್ಧದ ನಿಧಿಗೆಂದು ಎರಡು ಬಳೆ ಕೊಟ್ಟದ್ದು, ಮಾವನವರು ಉಂಗುರ ಕೊಟ್ಟದ್ದು, ಬೀದಿಯ ಹೆಂಗಸರೆಲ್ಲ ಹುಣಿಸೆ ತೊಕ್ಕು ಮಾಡಿ ಜಾಡಿ ತುಂಬಿ ಕಳಿಸಿದ್ದು. ಅಲ್ಲಿಗೆ ನಿಲ್ಲಿಸಿದರು.

"ಮತ್ತೇನಾದರೂ ಕಳಿಸಿದ್ರಾ ಅಮ್ಮ?"

ಉಯ್ಯಾಲೆಯ ಸರಪಳಿಯ ಸದ್ದು ನಿಂತಿತು. "ನೀರಜಾ ಕೇಳಿಸ್ಕೊಳ್ತಿದ್ದಾಳಾ?"

"ಕೇಳಿಸ್ಕೊಂಡ್ರೆ ಏನಮ್ಮ?"

"ಅವಳು ಕಾಲೇಜಲ್ಲಿ ಪಾಠ ಹೇಳಿದವಳು. ನಗ್ತಾಳೆ" ಎಂದರು ಅತ್ತೆ. ಒಲೆಯ ಮುಂದೆ ನಿಂತಿದ್ದ ನನಗೆ ಅದು ಕೇಳಿಸಿತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅವರು ನನ್ನ ಓದಿಗೆ ಅಂಜಿ ಒಂದು ಮಾತನ್ನು ಮುಚ್ಚಿಟ್ಟಿದ್ದರು. ನಾನು ಅವರನ್ನು ನೋಡಿ ನಕ್ಕವಳಲ್ಲ. ಆದರೆ ನಗುವುದಿಲ್ಲ ಎಂದು ಅವರಿಗೆ ಗೊತ್ತಾಗುವಂತೆಯೂ ನಡೆದುಕೊಂಡಿರಲಿಲ್ಲವೇನೋ.

ಆಮೇಲೆ ಹೇಳಿದರು. ಸೈನಿಕರಿಗೆ ಉಣ್ಣೆಯ ಉಡುಪು ಬೇಕು ಎಂದು ರೇಡಿಯೋದಲ್ಲಿ ಬಂತಂತೆ. ಬೀದಿಯ ಹೆಂಗಸರು ಸೇರಿ ಖಾಕಿ ಉಣ್ಣೆ ತಂದರು. ಸ್ವೆಟರ್ ಬಲ್ಲವರು ಸ್ವೆಟರ್ ತೆಗೆದುಕೊಂಡರು, ಟೋಪಿ ಬಲ್ಲವರು ಟೋಪಿ. ಕೈಗವಸು ಯಾರಿಗೂ ಬೇಡವಾಗಿತ್ತು. ಅತ್ತೆ, ಕೈಗೆ ತಾನೇ, ನನಗೆ ಬರುತ್ತದೆ ಎಂದರು. "ಕೈಗವಸು ಅಂದ್ರೆ ಹೇಗಿರುತ್ತೆ, ನಾನೆಲ್ಲಿ ಕಂಡಿದ್ದೆ? ಕೈಗೆ ಹಾಕೋ ಉಣ್ಣೆ ಅಂದ್ರೆ ನನಗೆ ತಿಳಿದದ್ದು ಇದೊಂದೇ." ಅಕ್ಕಪಕ್ಕದ ಮನೆಯವರಿಗೂ ಕಲಿಸಿದರು. ಒಂದು ದೊಡ್ಡ ರಾಶಿಯಾಯಿತು. ಸಂಗ್ರಹದ ಮೇಜಿಗೆ ತಾವೇ ಹೊತ್ತುಕೊಂಡು ಹೋದರು. ಅಲ್ಲಿ ಕೂತಿದ್ದ ದೊಡ್ಡ ಮನೆಯ ಹೆಂಗಸೊಬ್ಬಳು ಒಂದನ್ನು ಎತ್ತಿ ಹಿಡಿದು, ಕಂಡಿಯಲ್ಲಿ ತನ್ನ ಬೆರಳು ತೂರಿಸಿ ಎಲ್ಲರಿಗೂ ತೋರಿಸಿ ನಕ್ಕಳು. ಇದೇನು ಮಾಮಿ, ಇದಕ್ಕೆ ಕಿಟಕಿ ಬೇರೆ; ಇನ್ನೊಂದು ಕೈ ಎಲ್ಲಿ ಎಂದಳು. ರಾಶಿಯನ್ನು ಮೇಜಿನ ಕೆಳಕ್ಕೆ ಕಾಲಿನಿಂದ ಸರಿಸಿದಳು. ಅತ್ತೆ ಮನೆಗೆ ಬಂದು, ಈ ಸಂಗತಿ ಎತ್ತಬಾರದೆಂದು ಮಾವನವರಿಂದ ಮಾತು ತೆಗೆದುಕೊಂಡರು.

"ಇನ್ನೊಂದು ಕೈಗೆ ನೀವು ಹೆಣೆದಿರಲಿಲ್ವಾ ಅಮ್ಮ?" ಮೇಜರ್ ದನಿ ತೀರ ಸಣ್ಣದಾಗಿತ್ತು.

"ಒಬ್ಬರಿಗೆ ಒಂದು. ಎಡಗೈಲಿ ಯಾರು ಜಪ ಮಾಡ್ತಾರೆ?"

ನಾನು ಸೌಟನ್ನು ಕೆಳಗಿಟ್ಟೆ.

ಮೇಜರ್ ಆಗಲೂ ಜೇಬಿಗೆ ಕೈ ಹಾಕಲಿಲ್ಲ. ಅವರಿಗೆ ಇನ್ನೊಂದು ಪ್ರಶ್ನೆ ಉಳಿದಿತ್ತು. ಪೂರ್ತಿ ಖಾಕಿಯಲ್ಲೇ ಹೆಣೆದಿರಾ ಎಂದರು. ಇಲ್ಲ ಎಂದರು ಅತ್ತೆ. ಖಾಕಿ ಕಡಿಮೆ ಬೀಳುತ್ತದೆಂದು ಬಾಯಿಗೆ ಎರಡೆರಡು ಸುತ್ತು ಕೆಂಪು ಹಾಕಿದ್ದರು, ದೇವರ ಮನೆಯ ಹಳೆಯ ಮಡಿಶಾಲು ಬಿಚ್ಚಿ ತೆಗೆದ ಉಣ್ಣೆ. ಅದೂ ಒಂದು ರಕ್ಷೆಯಾಗಿರಲಿ ಎಂದು.

ಆಗ ಮೇಜರ್ ಅದನ್ನು ತೆಗೆದು ಅವರ ಮಡಿಲಲ್ಲಿಟ್ಟರು. ನಾನು ಹೊರಗೆ ಬಂದೆ. ಮಬ್ಬುಗಣ್ಣಿನ ಅತ್ತೆ ನೋಡುವ ಗೋಜಿಗೇ ಹೋಗಲಿಲ್ಲ. ತಮ್ಮ ಚೀಲದಿಂದ ಕೈ ತೆಗೆದು ಇದರೊಳಗೆ ಇಟ್ಟರು. ತೋರುಬೆರಳು ತಾನಾಗಿ ದಾರಿ ಹುಡುಕಿಕೊಂಡು ಕಂಡಿಯಿಂದ ಹೊರಗೆ ಬಂತು.

"ಉಪಯೋಗಕ್ಕೆ ಬಂತಾ?" ಎಂದು ಕೇಳಿದರು.

ಮೇಜರ್ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದರು. ಕಬ್ಬಿಣಕ್ಕೆ ಅಂಟುವ ಚರ್ಮ, ಟ್ರಿಗ್ಗರ್, ಕುತ್ತಿಗೆಯ ದಾರ, ಅಂದಾನಿ, ಐತ.

"ಅಯ್ಯೋ, ಜಪದ ಚೀಲದಲ್ಲಿ ಗುಂಡು ಹೊಡೆದ್ರಾ" ಎಂದರು ಅತ್ತೆ ಮೊದಲು. ಆಮೇಲೆ ತಾವೇ ಸಮಾಧಾನ ಮಾಡಿಕೊಂಡರು. "ಶರಿ. ಬೇರೆಯವರನ್ನ ಕೆಳಗಿಳಿಸೋಕೆ ತಾನೇ ಹೊಡೆದದ್ದು. ಪರವಾಗಿಲ್ಲ." ಕೊನೆಗೆ, "ಆ ಮೇಜಿನ ಹೆಂಗಸಿಗೆ ಯಾರಾದ್ರೂ ಇದನ್ನ ಹೇಳಬೇಕಿತ್ತು" ಎಂದರು.

ಮೇಜರ್ ನಮ್ಮ ಮನೆಯಿಂದಲೇ ವೇಲಚೇರಿಗೆ ಫೋನು ಮಾಡಿದರು. ಅಪ್ಪಾಜಿಯನ್ನು ಕರೆಯಿರಿ ಎಂದು ಶಿವಲಿಂಗಮ್ಮನಿಗೆ ಹೇಳಿದರು. ಆಮೇಲೆ ಎರಡೇ ಮಾತು: "ಅಪ್ಪಾಜಿ, ನಾನು ತಪ್ಪು ಮಾಡಿದೆ. ಅಂದಾನಿ ಅಚ್ಚಾಗ್ತಾನೆ." ದೆಹಲಿಯವರು ವಿಷಯ ತಿಳಿದು ಮರುಮಾತಿಲ್ಲದೆ ಒಪ್ಪಿಕೊಂಡರು. ಅಪ್ಪಾಜಿಗೆ ತಾವೇ ಒಂದು ಫೋನು ಮಾಡಿ ಕ್ಷಮೆಯನ್ನೂ ಕೇಳಿದರು. ಅವರಿಗೆ ಕನ್ನಡ ಬರದು. ಅಪ್ಪಾಜಿ ಫೌಜಿನ ಹಿಂದಿಯಲ್ಲಿ, ಪರವಾಗಿಲ್ಲ ಸಾಹೇಬರೇ, ನಾವೂ ಅದನ್ನು ನೋಡಿ ನಕ್ಕವರೇ ಎಂದರಂತೆ.

ಆ ರಾಶಿಯ ಬಗ್ಗೆ ನನಗೆ ಇನ್ನೂ ಒಂದು ಯೋಚನೆ ಬರುತ್ತದೆ. ಆ ಹೆಂಗಸು ಅದನ್ನು ಮೇಜಿನ ಕೆಳಕ್ಕೆ ಸರಿಸಿದ್ದಳು. ಯಾರೋ ಒಬ್ಬರು ಬಗ್ಗಿ, ಎತ್ತಿ, ಧೂಳು ಕೊಡವಿ ಮೂಟೆಗೆ ಹಾಕಿದ್ದಾರೆ. ಮೂಟೆ ಕಟ್ಟುವವನೋ, ಕಸ ಗುಡಿಸುವವಳೋ. ಹೆಣೆದವರ ಕೈನೋವು ತಿಳಿದ ಯಾರೋ. ಎಲ್ಲರ ಹೇಳಿಕೆಯನ್ನೂ ಹುಡುಕಿದ ನಾವು ಅವರನ್ನು ಮಾತ್ರ ಹುಡುಕಲಾರೆವು. ಪುಸ್ತಕದ ಮೊದಲ ಪುಟದಲ್ಲಿ ಅವರಿಗೆ ಒಂದು ಸಾಲು ಬರೆದೆ. ಮೇಜರ್ ಅದಕ್ಕೆ ಆಧಾರ ಕೇಳಲಿಲ್ಲ.

ಪ್ರದರ್ಶನದ ದಿನ ಮಳೆ ಬಿಡುವು ಕೊಟ್ಟಿತ್ತು. ಅಂದಾನಿಯ ತಮ್ಮ ಮಳವಳ್ಳಿ ಕಡೆಯಿಂದ ಹಿಂದಿನ ಸಂಜೆಯೇ ಬಂದು ಅಪ್ಪಾಜಿಯ ಮನೆಯಲ್ಲಿ ಉಳಿದಿದ್ದ. ಅರವತ್ತು ದಾಟಿದ, ಹೆಚ್ಚು ಮಾತಾಡದ ಮನುಷ್ಯ. ಅಂದಾನಿಯದು ಒಂದು ಭಾವಚಿತ್ರವೂ ಇರಲಿಲ್ಲವಾದ್ದರಿಂದ ಅವನ ಹೆಸರಿನ ಹಲಗೆಯಲ್ಲಿ ಬರೀ ಬರಹವಿತ್ತು. ತಮ್ಮ ಅದರ ಮುಂದೆ ನಿಂತು, ಶಾಲೆಯ ಮಕ್ಕಳು ಓದುವ ಹಾಗೆ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ. ಹಿಂದೆ ಸಾಲಿನಲ್ಲಿದ್ದ ಜನ ಅವನನ್ನು ದಾಟಿ ಮುಂದೆ ಹೋಗಲಿಲ್ಲ, ಬೇಗ ಎನ್ನಲೂ ಇಲ್ಲ. 'ಉಳಿದವರು ಇಳಿಯುವವರೆಗೂ ಅಂದಾನಿ ಕಲ್ಲಿನ ಮರೆಯಲ್ಲೇ ಕುಳಿತಿದ್ದರು' ಎಂಬ ಸಾಲಿಗೆ ಬಂದು ನಿಲ್ಲಿಸಿ, ಅದನ್ನೇ ಇನ್ನೊಮ್ಮೆ ಓದಿದ.

ಅತ್ತೆಯನ್ನು ಆಟೋದಲ್ಲಿ ಕರೆತಂದಿದ್ದೆ. ಅಪ್ಪಾಜಿ ಬಂದು ಅವರ ಮುಂದೆ ಸೆಟೆದು ನಿಂತು ಸೆಲ್ಯೂಟ್ ಮಾಡಿದರು. ಅತ್ತೆಗೆ ಸರಿಯಾಗಿ ಕಾಣಿಸಲಿಲ್ಲ. ಯಾರೋ ಎತ್ತರದವರು ಕೈಯೆತ್ತಿದ್ದಾರೆಂದು ತಿಳಿದು ಅವರೂ ಕೈಯೆತ್ತಿ ಆಶೀರ್ವಾದ ಮಾಡಿದರು. ಆಮೇಲೆ ಸೆರಗಿನ ಗಂಟು ಬಿಚ್ಚಿ ಹೊಸದಾಗಿ ಹೆಣೆದ ಒಂದನ್ನು ಅವರಿಗೆ ಕೊಟ್ಟರು. ಖಾಕಿ ಉಣ್ಣೆ, ಬಾಯಿಗೆ ಎರಡು ಸುತ್ತು ಕೆಂಪು. ಕಣ್ಣಿಗಿಂತ ಬೆರಳನ್ನೇ ನಂಬಿ ಎರಡು ವಾರ ಹೆಣೆದದ್ದು.

"ಇನ್ನೊಂದು ಕೈಗೆ. ತಡವಾಯ್ತು, ಏನೂ ಅಂದ್ಕೋಬೇಡಿ."

ಅಪ್ಪಾಜಿ ಅದನ್ನು ಎಡಗೈಗೆ ಹಾಕಿ ನೋಡಿದರು. ಸರಿಯಾಗಿ ಕೂತಿತು. ಬೆರಳನ್ನು ಹೊರಗೆ ತಂದರು, ಒಳಕ್ಕೆ ಎಳೆದುಕೊಂಡರು. ಆ ಹೊತ್ತಿಗೆ ಅಂದಾನಿಯ ತಮ್ಮ ಹಲಗೆಯ ಮುಂದಿನಿಂದ ಬಂದು, ಗಾಜಿನ ಪೆಟ್ಟಿಗೆಯಲ್ಲಿದ್ದ ಹಳೆಯದನ್ನೂ ಅಪ್ಪಾಜಿಯ ಕೈಯಲ್ಲಿದ್ದ ಹೊಸದನ್ನೂ ನೋಡಿದ.

"ನಮ್ಮಣ್ಣಂಗೂ ಒಂದಿತ್ತಾ?"

"ಇತ್ತು ಕನಪ್ಪ. ಕತ್ನಾಗೇ ಇತ್ತು."

ಅಪ್ಪಾಜಿ ಎಡಗೈಯಿಂದ ಅದನ್ನು ತೆಗೆದು, ದಾರವನ್ನು ಬಿಡಿಸಿ, ಅವನ ಕೊರಳಿಗೆ ಹಾಕಿದರು. ಅತ್ತೆ ಏನಾಯಿತೆಂದು ಕೇಳಿದರು, ಹೇಳಿದೆ. ಹಾಗಾದರೆ ನಾಳೆ ಖಾಕಿ ಉಣ್ಣೆ ಇನ್ನೊಂದು ಉಂಡೆ ತಾ ಎಂದರು.